ಕಣ್ಣು ನೋಡುವವರಿಗೆ ಕಲಿಸುವವರು ಯಾರು?

ನಮ್ಮ ಅಮ್ಮಿ ರೇಷ್ಮೆ ಫಿಲೇಚರ್‌ನಲ್ಲಿ ಕೆಲಸ ಮಾಡುತ್ತಾರೆ. ರಾಮನಗರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಊರುಗಳಿಂದ ಬಂದು ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಿಗಾಗಿ ಹೇಳುತ್ತೇನೆ. ಕುದಿಸಿದ ಗೂಡುಗಳು ಬಿಸಿನೀರಿನ ಬೇಸಿನ್‌ನಲ್ಲಿ ತೇಲುತ್ತಿರುತ್ತವೆ. ಏಳೆಂಟು ಗೂಡುಗಳ ಎಳೆಗಳನ್ನು ಸೇರಿಸಿದರೆ ಒಂದು ನೂಲು. ಅದರಲ್ಲಿ ಒಂದು ಎಳೆ ಕಡಿದರೂ ಕೂಡಲೇ ಇನ್ನೊಂದು ಗೂಡಿನ ತುದಿ ಹುಡುಕಿ ಅಲ್ಲಿಗೆ ಹಾಕಬೇಕು. ತಡವಾದರೆ ನೂಲು ತೆಳ್ಳಗಾಗುತ್ತದೆ, ಬೆಲೆ ಬೀಳುತ್ತದೆ, ಬೈಗುಳ ಬರುತ್ತದೆ. ಆ ತುದಿ ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು, ಮೇಲಿಂದ ನೀರಿನ ಹಬೆ ಬೇರೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಮ್ಮಿಯ ಕೈ ನಿಧಾನವಾಯಿತು. ಅಮ್ಮಿಗೆ ಆಗ ನಲವತ್ತಮೂರು ವರ್ಷ. ರಕ್ತ ಕಡಿಮೆಯಾಗಿದೆ ಎಂದು ಅವರೇ ಅಂದುಕೊಂಡು ಬೀಟ್‌ರೂಟ್ ತಿನ್ನಲು ಶುರು ಮಾಡಿದರು. ನಮ್ಮ ದಾದಿ ನಜರ್ ಆಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಉರ್ದುವಿನಲ್ಲಿ ನಜರ್ ಎಂದರೆ ನೋಟವೂ ಹೌದು, ಕೆಟ್ಟ ಕಣ್ಣು ಬೀಳುವುದೂ ಹೌದು. ಕನ್ನಡದಲ್ಲಿ ದೃಷ್ಟಿ ಎಂಬ ಮಾತಿಗೂ ಹಾಗೆಯೇ ಎರಡು ಅರ್ಥ. ಆದ್ದರಿಂದ ದಾದಿ ಅರ್ಧ ಸರಿಯಾಗಿಯೇ ಹೇಳಿದ್ದರು. ಅಮ್ಮಿಗೆ ಆಗಿದ್ದು ಚಾಳೀಸು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದಕ್ಕೆ ಕನ್ನಡದಲ್ಲಿ ಇದೇ ಪದ ಎಂದು ಕನ್ನಡ ಮೇಡಂ ಹೇಳಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಚಾಲೀಸ್ ಎಂದರೆ ಬರೀ ನಲವತ್ತು.

ಆ ವರ್ಷ ನಮ್ಮ ಬಡಾವಣೆಯಲ್ಲಿ ಉಚಿತ ಕಣ್ಣಿನ ತಪಾಸಣಾ ಕ್ಯಾಂಪ್ ನಡೆಯಿತು. ಅಮ್ಮಿ ಅರ್ಧ ದಿನದ ಕೂಲಿ ಬಿಟ್ಟು ಹೋದರು. ಉದ್ದ ಸಾಲು. ಒಳಗೆ ಕುಳಿತಿದ್ದ ಯುವಕ ವಯಸ್ಸು ಕೇಳಿ, ಎರಡು ನಿಮಿಷ ಗಾಜು ಬದಲಾಯಿಸಿ, ಕೈಯಲ್ಲಿ ಒಂದು ಅಕ್ಷರದ ಕಾರ್ಡ್ ಕೊಟ್ಟು, ಎರಡೂವರೆ ನಂಬರಿನ ಕನ್ನಡಕ ಬರೆದ. ಕಾರ್ಡ್ ಮೂಗಿನ ಹತ್ತಿರ ಹಿಡಿದಾಗ ಎಲ್ಲ ಚೆನ್ನಾಗಿ ಕಂಡಿತಂತೆ. ಫಿಲೇಚರ್‌ಗೆ ಹೋದರೆ ಬೇಸಿನ್ ಪೂರ್ತಿ ಮಂಜು. ಸ್ಪಷ್ಟವಾಗಿ ಕಾಣಬೇಕಾದರೆ ಹಬೆಯೊಳಗೆ ಬಗ್ಗಬೇಕು, ಬಗ್ಗಿದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಮೂರು ದಿನ ತಲೆನೋವು. ನಾಲ್ಕನೇ ದಿನ ಕನ್ನಡಕ ಸ್ಟೀಲ್ ಡಬ್ಬಿ ಸೇರಿತು. ಮಾಲೀಕರು ಅಮ್ಮಿಯನ್ನು ಬೇಸಿನ್‌ನಿಂದ ಎಬ್ಬಿಸಿ ಗೂಡು ಆರಿಸುವ ಕೆಲಸಕ್ಕೆ ಹಾಕಿದರು. ಅದಕ್ಕೆ ಕೂಲಿ ಕಡಿಮೆ. ಕಳೆದ ವರ್ಷ ನನ್ನ ಎರಡನೇ ಕಂತಿನ ಫೀಸು ತಡವಾಯಿತು. ಆಫೀಸಿನಲ್ಲಿ ಕಾರಣ ಕೇಳಿದಾಗ ನಾನು ಏನೋ ಸುಳ್ಳು ಹೇಳಿದೆ. ನಿಜವಾದ ಕಾರಣ ಒಂದು ತಪ್ಪು ನಂಬರ್ ಎಂದು ಆಗ ನನಗೂ ಗೊತ್ತಿರಲಿಲ್ಲ.

ಈ ವರ್ಷ ಬೇಸಿಗೆ ರಜೆಯಲ್ಲಿ ಖಾಲಾ ಒತ್ತಾಯ ಮಾಡಿ ನಮ್ಮನ್ನು ಒಂದು ಸಣ್ಣ ಕಣ್ಣಿನ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ಇರಲಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಒಬ್ಬ ಹುಡುಗಿ ಇದ್ದಳು. ಆಕೆ ಮೊದಲು ಕೇಳಿದ್ದು ವಯಸ್ಸಲ್ಲ.

“ಅಮ್ಮ, ನೀವು ಏನು ಕೆಲಸ ಮಾಡ್ತೀರಾ?”

“ರೇಷ್ಮೆ ಬಿಚ್ತೀನಿ.”

“ಹೇಗೆ ಕೂರ್ತೀರಾ, ಸ್ವಲ್ಪ ಕೂತು ತೋರಿಸಿ. ಕೈ ಎಲ್ಲಿರುತ್ತೆ?”

ಅಮ್ಮಿ ಸ್ಟೂಲಿನ ಮೇಲೆ ಕುಳಿತು ಖಾಲಿ ಗಾಳಿಯಲ್ಲಿ ನೂಲು ಬಿಚ್ಚಿ ತೋರಿಸಿದರು. ಆ ಹುಡುಗಿ ಟೇಪ್ ಹಿಡಿದು ಕಣ್ಣಿನಿಂದ ಕೈವರೆಗೆ ಅಳೆದಳು. ಅರವತ್ತು ಸೆಂಟಿಮೀಟರ್ ಹತ್ತಿರ. ಓದುವವರಿಗೆ ಸಾಮಾನ್ಯವಾಗಿ ಪರೀಕ್ಷೆ ಮಾಡುವುದು ನಲವತ್ತು ಸೆಂಟಿಮೀಟರ್‌ನಲ್ಲಿ. ಎಸ್ಸೆಸ್ಸೆಲ್ಸಿ ವಿಜ್ಞಾನ ಮರೆಯದವರಿಗೆ ಲೆಕ್ಕ ಸುಲಭ: ಒಂದನ್ನು ಮೀಟರ್ ಲೆಕ್ಕದ ದೂರದಿಂದ ಭಾಗಿಸಿದರೆ ಮಸೂರದ ಶಕ್ತಿ. 1 ಭಾಗಿಸು 0.40 ಅಂದರೆ 2.5. ಎರಡೂವರೆ ನಂಬರ್ ಹಾಕಿಕೊಂಡರೆ ನಲವತ್ತು ಸೆಂಟಿಮೀಟರ್ ಆಚೆಗಿನದು ಮಸುಕಾಗಲೇಬೇಕು. ಅಮ್ಮಿಗೆ ಬೇಕಿದ್ದದ್ದು ಒಂದೂ ಕಾಲು. ಆಕೆ ಸಕ್ಕರೆ ಕಾಯಿಲೆ ಇದೆಯಾ ಎಂದೂ ಕೇಳಿದಳು. ಬರೆದುಕೊಟ್ಟ ಕನ್ನಡಕಕ್ಕೆ ಒಂದು ದಾರ ಕಟ್ಟಿಕೊಳ್ಳಿ, ಹಬೆ ಬಂದಾಗ ಎದೆಯ ಮೇಲೆ ಬಿಟ್ಟುಕೊಳ್ಳಬಹುದು ಎಂದೂ ಹೇಳಿದಳು. ಅಮ್ಮಿ ಈಗ ಮತ್ತೆ ಬೇಸಿನ್ ಮುಂದೆ ಕೂರುತ್ತಾರೆ.

ಕ್ಯಾಂಪಿನ ಆ ಯುವಕನ ಮೇಲೆ ನನಗೆ ಕೋಪ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಆದರೆ ಯೋಚಿಸಿದರೆ, ಅವನ ಹತ್ತಿರವೂ ಅದೇ ಗಾಜುಗಳ ಪೆಟ್ಟಿಗೆ ಇತ್ತು, ಅದೇ ಕಾರ್ಡ್ ಇತ್ತು. ಇಲ್ಲದಿದ್ದದ್ದು ಒಂದು ಪ್ರಶ್ನೆ. ಆ ಪ್ರಶ್ನೆ ಕೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಅಥವಾ ಕಲಿಸಿದವರು ಅದಕ್ಕೆ ಅಂಕ ಇಟ್ಟಿರಲಿಲ್ಲ. ನಾವೂ ಎಷ್ಟೋ ಸಲ ಹಾಗೆಯೇ ತಾನೇ, ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೋದರೆ ಸಾಕು, ಒಳಗೆ ತಪ್ಪು ಇದ್ದರೂ ಪುಟ ತಿರುಗಿಸುತ್ತೇವೆ.

ರಜೆ ಮುಗಿಯುವವರೆಗೆ ಈ ವಿಷಯವನ್ನೇ ಹುಡುಕಿ ಓದಿದೆ. ಅದರಿಂದ ನನಗೆ ಒಂದು ಅಭಿಪ್ರಾಯ ಮೂಡಿದೆ. ಪ್ರಪಂಚದಲ್ಲಿ ಕಣ್ಣಿನ ಡಾಕ್ಟರ್‌ಗಳು ಕಡಿಮೆ ಇರುವುದು ನಿಜ. ಆದರೆ ಅದಕ್ಕಿಂತ ದೊಡ್ಡ ಕೊರತೆ, ಕಣ್ಣು ನೋಡುವ ಎಲ್ಲರಿಗೂ, ಡಾಕ್ಟರ್ ಆಗಲಿ, ನರ್ಸ್ ಆಗಲಿ, ಹಳ್ಳಿಯ ತಂತ್ರಜ್ಞೆ ಆಗಲಿ, ಸರಿಯಾಗಿ ಕಲಿಸುವುದರಲ್ಲಿ ಇದೆ.

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ತನ್ನ ಮೊದಲ ಜಾಗತಿಕ ವರದಿ ಹೊರತಂದಿತು. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷ ಇದೆ, ಅವರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ ಅಥವಾ ಇನ್ನೂ ಸರಿಪಡಿಸಬಹುದಾದ ದೋಷ ಎಂದು ಅದು ಹೇಳಿತು. ಈ 100 ಕೋಟಿಯಲ್ಲಿ ಬಹುಪಾಲು ನಮ್ಮ ಅಮ್ಮಿಯಂಥವರು, ಬರೀ ಹತ್ತಿರದ ಕನ್ನಡಕ ಸಿಗದವರು. ಕನ್ನಡಕ ಸಿಕ್ಕರೆ ಏನಾಗುತ್ತದೆ? ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಇವರು ಕಿತ್ತ ಎಲೆಯ ತೂಕದ ಏರಿಕೆ ಶೇಕಡ 20ಕ್ಕೂ ಹೆಚ್ಚು. ಕಾಮರ್ಸ್ ವಿದ್ಯಾರ್ಥಿಯಾಗಿ ಹೇಳುತ್ತೇನೆ, ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಲಾಭ ಕೊಡುವ ವಸ್ತು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ.

ಇನ್ನು ಡಾಕ್ಟರ್‌ಗಳು. 194 ದೇಶಗಳ ಲೆಕ್ಕ ಹಾಕಿದಾಗ 2015ರಲ್ಲಿ ಸುಮಾರು 2 ಲಕ್ಷ 33 ಸಾವಿರ ಕಣ್ಣಿನ ಡಾಕ್ಟರ್‌ಗಳಿದ್ದರು. ಸಂಖ್ಯೆ ದೊಡ್ಡದೇ. ಆದರೆ ಶ್ರೀಮಂತ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಸರಾಸರಿ 76 ಡಾಕ್ಟರ್‌ಗಳಾದರೆ, ತೀರಾ ಬಡ ದೇಶಗಳಲ್ಲಿ ನಾಲ್ಕು ಜನರೂ ಇಲ್ಲ. ಡಾಕ್ಟರ್‌ಗಳನ್ನು ಇನ್ನೂ ಹೆಚ್ಚು ತಯಾರಿಸಿ ಎನ್ನುವುದು ಎಲ್ಲರೂ ಕೊಡುವ ಉತ್ತರ. ತಯಾರಿಸಲಿ. ಆದರೆ ಒಬ್ಬ ಕಣ್ಣಿನ ಡಾಕ್ಟರ್ ಆಗಲು ಪಿಯುಸಿ ಮುಗಿದ ಮೇಲೂ ಎಂಟೊಂಬತ್ತು ವರ್ಷ ಬೇಕು. ಆಮೇಲೆ ಆ ಡಾಕ್ಟರ್ ಇರುವುದು ಊರಲ್ಲಲ್ಲ, ನಗರದಲ್ಲಿ. ಅಮ್ಮಿಯ ಕೈ ಎಷ್ಟು ದೂರ ಇರುತ್ತದೆ ಎಂದು ಅಳೆಯಲು ಒಂಬತ್ತು ವರ್ಷ ಓದಿದವರೇ ಬೇಕಾ?

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫೇಯೋಲ್ ಹೇಳಿದ ಹದಿನಾಲ್ಕು ತತ್ವಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಮೊದಲನೆಯದು ಕಾರ್ಯ ವಿಭಜನೆ. ಅದನ್ನು ಓದುವಾಗ ನನಗೆ ಕಾರ್ಖಾನೆ ಬಿಟ್ಟು ಬೇರೇನೂ ಹೊಳೆದಿರಲಿಲ್ಲ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಬಗ್ಗೆ ಓದಿದ ಮೇಲೆ ಆ ಪಾಠ ಅರ್ಥವಾಯಿತು. ಅದನ್ನು ಶುರು ಮಾಡಿದವರು ಡಾ. ಜಿ. ವೆಂಕಟಸ್ವಾಮಿ. ಸಂಧಿವಾತದಿಂದ ಅವರ ಕೈಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ ಹನ್ನೊಂದು ಹಾಸಿಗೆಗಳಿಂದ ಆಸ್ಪತ್ರೆ ಆರಂಭಿಸಿದರು. ಇವತ್ತು ಅಲ್ಲಿ ಒಬ್ಬ ಡಾಕ್ಟರ್ ವರ್ಷಕ್ಕೆ ಸುಮಾರು 2000 ಪೊರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬೇರೆ ಕಡೆಗಿಂತ ಇದು ಹಲವು ಪಟ್ಟು ಹೆಚ್ಚು. ಅಲ್ಲಿನ ಡಾಕ್ಟರ್‌ಗಳು ಗಡಿಬಿಡಿ ಮಾಡುವುದಿಲ್ಲ, ಬೇರೆಯವರು ಮಾಡಬಹುದಾದ ಕೆಲಸವನ್ನು ಅವರು ಮಾಡುವುದಿಲ್ಲ, ಅಷ್ಟೇ. ಒಂದು ಟೇಬಲ್‌ನಲ್ಲಿ ಶಸ್ತ್ರಚಿಕಿತ್ಸೆ ಮುಗಿಯುವಷ್ಟರಲ್ಲಿ ಪಕ್ಕದ ಟೇಬಲ್‌ನಲ್ಲಿ ಮುಂದಿನ ರೋಗಿ ಸಿದ್ಧ.

ಸಿದ್ಧ ಮಾಡಿದವರು ಯಾರು ಎಂಬುದೇ ನನಗೆ ಮುಖ್ಯವಾದ ವಿಷಯ. ಹಳ್ಳಿಗಳಿಂದ ಬಂದ, ಹನ್ನೆರಡನೇ ತರಗತಿ ಪಾಸಾದ ಹುಡುಗಿಯರು. ಅಂದರೆ ನಮ್ಮ ವಯಸ್ಸಿನವರು. ಅವರಿಗೆ ಎರಡು ವರ್ಷ ತರಬೇತಿ. ದೃಷ್ಟಿ ಪರೀಕ್ಷೆ, ಕನ್ನಡಕದ ನಂಬರ್, ಶಸ್ತ್ರಚಿಕಿತ್ಸೆಯ ಕೋಣೆಯ ಕೆಲಸ, ರೋಗಿಯ ಜೊತೆ ಕುಳಿತು ಭಯ ಬಿಡಿಸಿ ಮಾತಾಡುವುದು, ಒಬ್ಬೊಬ್ಬರಿಗೆ ಒಂದೊಂದು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯೂ ಇದೇ ದಾರಿಯಲ್ಲಿ ನಡೆದಿದೆ. 1987ರಲ್ಲಿ ಡಾ. ಗುಲ್ಲಪಲ್ಲಿ ಎನ್. ರಾವ್ ಆರಂಭಿಸಿದ ಈ ಸಂಸ್ಥೆ ಊರಿನ ಯುವಕ ಯುವತಿಯರಿಗೇ ಒಂದು ವರ್ಷ ಕಲಿಸಿ, ಸುಮಾರು 50,000 ಜನರಿಗೆ ಒಂದರಂತೆ ಹಳ್ಳಿಗಳ ದೃಷ್ಟಿ ಕೇಂದ್ರಗಳಲ್ಲಿ ಕೂರಿಸುತ್ತದೆ. ಕೀನ್ಯಾ, ತಾಂಜಾನಿಯಾ, ಗ್ಯಾಂಬಿಯಾದಂಥ ದೇಶಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಎಂಬಿಬಿಎಸ್ ಓದದ, ಆದರೆ ಅದಕ್ಕೆಂದೇ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಅಲ್ಲಿ ಪೊರೆ ಶಸ್ತ್ರಚಿಕಿತ್ಸೆಯನ್ನೇ ಮಾಡುತ್ತಾರೆ.

ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬು ಒಂದೇ ಮಾತು ಹೇಳಿದರು: “ನೀಮ್ ಹಕೀಮ್ ಖತ್ರಾ-ಎ-ಜಾನ್.” ಅರ್ಧ ಕಲಿತ ವೈದ್ಯ ಜೀವಕ್ಕೇ ಅಪಾಯ. ಈ ಗಾದೆ ನಮ್ಮ ಕಾಲೇಜಿನ ಅರ್ಧ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಸುತ್ತದೆ, ಹಾಗಾಗಿ ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾರೆ.

ಅಬ್ಬು ಹೇಳಿದ್ದು ಸುಳ್ಳಲ್ಲ. ಕ್ಯಾಂಪಿನ ಯುವಕನೇ ಸಾಕ್ಷಿ. ಆದರೆ ನನ್ನ ಪ್ರಕಾರ ನೀಮ್ ಹಕೀಮ್ ಎಂದರೆ ಕಡಿಮೆ ವರ್ಷ ಓದಿದವನಲ್ಲ. ತನಗೆ ಗೊತ್ತಿರುವುದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದವನು. ಕೇಂದ್ರದ ಆ ಹುಡುಗಿ ಅಮ್ಮಿಗೆ ಸಕ್ಕರೆ ಕಾಯಿಲೆ ಇದೆಯಾ ಎಂದು ಯಾಕೆ ಕೇಳಿದಳು? ಇದ್ದರೆ ಕಣ್ಣಿನ ಹಿಂದಿನ ಪರದೆಯನ್ನು ಡಾಕ್ಟರ್ ನೋಡಬೇಕು, ಅದು ತನ್ನ ಕೆಲಸವಲ್ಲ ಎಂದು ಆಕೆಗೆ ಕಲಿಸಿದ್ದರು. ಅದೇ ದಿನ ಅಲ್ಲಿಗೆ ಕೆಂಪಗಾದ, ನೋಯುತ್ತಿದ್ದ ಕಣ್ಣಿನ ಒಬ್ಬ ಮುದುಕರು ಬಂದಿದ್ದರು. ಆಕೆ ಅವರಿಗೆ ಕನ್ನಡಕವನ್ನೂ ಕೊಡಲಿಲ್ಲ, ಹನಿ ಔಷಧಿಯನ್ನೂ ಕೊಡಲಿಲ್ಲ. ಚೀಟಿ ಬರೆದು, ಫೋನ್ ಮಾಡಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಅವರ ಮಗನಿಗೆ ಎರಡು ಸಲ ಹೇಳಿದಳು. ಇಂಥ ಕಡೆ ನಿಲ್ಲಬೇಕು ಎಂದು ಕಲಿಸುವುದು ಗಾಜು ಬದಲಾಯಿಸುವುದನ್ನು ಕಲಿಸುವುದಕ್ಕಿಂತ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಣ್ಣಿನ ಆರೈಕೆಯವರಿಗಾಗಿ ಒಂದು ಸಾಮರ್ಥ್ಯ ಚೌಕಟ್ಟು ಪ್ರಕಟಿಸಿತು. ಎಷ್ಟು ವರ್ಷ ಓದಿದೆ ಎಂಬುದಕ್ಕಿಂತ ಏನು ಮಾಡಬಲ್ಲೆ ಎಂಬುದನ್ನು ನೋಡುವುದು ಅದರ ದಾರಿ. ನನಗೆ ಇದು ಸರಿ ಅನಿಸುತ್ತದೆ. ಹಾಜರಾತಿ 75 ಪರ್ಸೆಂಟ್ ಇದ್ದ ಮಾತ್ರಕ್ಕೆ ಅಕೌಂಟೆನ್ಸಿ ಬಂದಿದೆ ಎಂದು ಅರ್ಥವಲ್ಲ, ನಮಗೇ ಗೊತ್ತು.

ಇದು ಹೊಸ ಯೋಚನೆಯೂ ಅಲ್ಲ. 12ನೇ ಶತಮಾನದ ಸಿರಿಯಾದಲ್ಲಿ ಅಲ್-ಶೈಜರಿ ಎಂಬವರು ಮುಹ್ತಸಿಬ್‌ಗಾಗಿ, ಅಂದರೆ ಮಾರುಕಟ್ಟೆಯ ಮೇಲ್ವಿಚಾರಕನಿಗಾಗಿ, ಒಂದು ಕೈಪಿಡಿ ಬರೆದಿದ್ದರು. ತೂಕ, ಅಳತೆ, ರೊಟ್ಟಿ, ಹಾಲು ಎಲ್ಲವನ್ನೂ ಪರೀಕ್ಷಿಸುವ ಅಧಿಕಾರಿ ಅವನು. ಅವನು ಪರೀಕ್ಷಿಸಬೇಕಾದವರ ಪಟ್ಟಿಯಲ್ಲಿ ಕಹ್ಹಾಲ್‌ಗಳೂ ಇದ್ದಾರೆ. ಕಹ್ಹಾಲ್ ಎಂದರೆ ಮೂಲದಲ್ಲಿ ಕಣ್ಣಿಗೆ ಸುರ್ಮಾ ಹಚ್ಚುವವನು, ಆಮೇಲೆ ಕಣ್ಣಿನ ವೈದ್ಯ. 9ನೇ ಶತಮಾನದ ಬಾಗ್ದಾದಿನ ಕ್ರೈಸ್ತ ವೈದ್ಯ ಹುನೈನ್ ಇಬ್ನ್ ಇಸ್‌ಹಾಕ್ ಬರೆದ ಕಣ್ಣಿನ ಹತ್ತು ಪ್ರಬಂಧಗಳ ಪುಸ್ತಕದಿಂದ ಅವರಿಗೆ ಪ್ರಶ್ನೆ ಕೇಳಬೇಕು ಎಂದು ಅದರಲ್ಲಿದೆ. ಬೀದಿ ಬೀದಿ ತಿರುಗಿ ಕಣ್ಣಿಗೆ ಔಷಧಿ ಹಾಕುವವರನ್ನು ನಂಬಬೇಡಿ ಎಂಬ ಎಚ್ಚರಿಕೆಯೂ ಇದೆ. ತಕ್ಕಡಿಯನ್ನೂ ಕಣ್ಣಿನ ವೈದ್ಯನನ್ನೂ ಒಬ್ಬನೇ ಅಧಿಕಾರಿ ಪರೀಕ್ಷಿಸುತ್ತಿದ್ದ ಎನ್ನುವುದು ನನಗೆ ತುಂಬಾ ಇಷ್ಟವಾಯಿತು. ಗಿರಾಕಿಗೆ ಎರಡರಲ್ಲೂ ಮೋಸವಾದದ್ದು ತಿಳಿಯುವುದಿಲ್ಲ.

ಈಗ ಸ್ವಲ್ಪ ಕಷ್ಟದ ವಿಷಯ. ಶಸ್ತ್ರಚಿಕಿತ್ಸೆ ಕಲಿಯುವವರು ಮೊದಲು ಯಾರ ಕಣ್ಣಿನ ಮೇಲೆ ಕಲಿಯುತ್ತಾರೆ? ಇದನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕೇಳಿದರೆ ಉತ್ತರ ಗೊತ್ತು: ಹೆಚ್ಚಾಗಿ ಉಚಿತ ವಾರ್ಡಿನವರ ಕಣ್ಣಿನ ಮೇಲೆ. ಡ್ರೈವಿಂಗ್ ಕಲಿಯುವವರು ಮೊದಲು ಮೈದಾನಕ್ಕೆ ಹೋಗುತ್ತಾರೆ. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಕೂತು ಕಲಿಯುತ್ತಾರೆ. ಕಣ್ಣಿಗೆ ಯಾಕೆ ಹಾಗಿಲ್ಲ?

ಇದೆ ಎಂದು ಗೊತ್ತಾದಾಗ ಸಮಾಧಾನವಾಯಿತು. ಕೀನ್ಯಾ, ತಾಂಜಾನಿಯಾ, ಉಗಾಂಡಾ, ಜಿಂಬಾಬ್ವೆಯ ಸುಮಾರು ಐವತ್ತು ಕಲಿಯುವ ವೈದ್ಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಐದು ದಿನ ಕೃತಕ ಕಣ್ಣುಗಳ ಮೇಲೆ ಪೊರೆ ಶಸ್ತ್ರಚಿಕಿತ್ಸೆಯ ಅಭ್ಯಾಸ ಮಾಡಿಸಿದರು. ಇನ್ನೊಂದು ಗುಂಪು ಎಂದಿನಂತೆ ಆಸ್ಪತ್ರೆಯಲ್ಲೇ ಕಲಿಯಿತು. ಪೊರೆ ತೆಗೆಯುವಾಗ ಅದರ ಹಿಂದಿನ ತೆಳು ಚೀಲ ಹರಿದರೆ ದೊಡ್ಡ ತೊಂದರೆ. ಮುಂದಿನ ಒಂದು ವರ್ಷದಲ್ಲಿ ಎಂದಿನಂತೆ ಕಲಿತವರ ಕೈಯಲ್ಲಿ ಹಾಗೆ ಹರಿದದ್ದು 100ರಲ್ಲಿ ಸುಮಾರು 27 ಕಣ್ಣುಗಳಲ್ಲಿ. ಮೊದಲೇ ಅಭ್ಯಾಸ ಮಾಡಿದವರಲ್ಲಿ ಸುಮಾರು 8ರಲ್ಲಿ. ಅವರು ಮಾಡಿದ ಶಸ್ತ್ರಚಿಕಿತ್ಸೆಗಳೂ ಎರಡು ಪಟ್ಟಿಗಿಂತ ಹೆಚ್ಚು. 2021ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಮೂರು ಸಲ ಓದಿದೆ. ಐದು ದಿನ! ನಮ್ಮ ಕಾಲೇಜಿನ ಕ್ರೀಡಾಕೂಟದ ತಯಾರಿಗೇ ಅದಕ್ಕಿಂತ ಹೆಚ್ಚು ದಿನ ಬೇಕು. 27 ಮತ್ತು 8ರ ನಡುವಿನ ಆ 19 ಕಣ್ಣುಗಳು ಯಾರೋ ಒಬ್ಬರ ದಾದಿಯದ್ದು, ನಾನಾದು.

ಅಭ್ಯಾಸದ ಕಣ್ಣುಗಳಿಗೆ, ಸೂಕ್ಷ್ಮದರ್ಶಕಕ್ಕೆ ಹಣ ಬೇಕು ನಿಜ. ಆದರೆ ಜಗತ್ತು ಕಣ್ಣಿನ ತರಬೇತಿಗೆ ಹಣ ಹಾಕಿಯೇ ಇಲ್ಲ ಎನ್ನಲಾಗದು. ಆರ್ಬಿಸ್ ಎಂಬ ಸಂಸ್ಥೆ 1982ರಿಂದ ಒಂದು ವಿಮಾನವನ್ನೇ ಆಸ್ಪತ್ರೆ ಮಾಡಿಕೊಂಡು ದೇಶದಿಂದ ದೇಶಕ್ಕೆ ಹಾರುತ್ತಿದೆ. ವಿಮಾನದೊಳಗೇ ಶಸ್ತ್ರಚಿಕಿತ್ಸೆಯ ಕೋಣೆ, ಪಕ್ಕದಲ್ಲೇ ತರಗತಿ, ಪರಿಣತರು ಮಾಡುವುದನ್ನು ಸ್ಥಳೀಯ ವೈದ್ಯರು ನೋಡಿ ಕಲಿಯುತ್ತಾರೆ. ಫೋಟೋ ನೋಡಿ ನಾನೂ ಬೆರಗಾದೆ. ಆದರೂ ಒಂದು ಸಂಶಯ. ವಿಮಾನ ಹಾರಿಹೋದ ಮೇಲೆ ಆ ವೈದ್ಯರು ಮರಳುವುದು ತಮ್ಮ ಹಳೇ ಆಸ್ಪತ್ರೆಗೆ. ಅಲ್ಲಿ ತಪ್ಪು ಮಾಡಿದಾಗ ಕೈ ಹಿಡಿದು ತಿದ್ದುವವರು ಇರುತ್ತಾರಾ? ಆ ಸಂಸ್ಥೆಗೂ ಇದು ಹೊಳೆದಿರಬೇಕು, 2003ರಲ್ಲಿ ಸೈಬರ್‌ಸೈಟ್ ಎಂಬ ಆನ್‌ಲೈನ್ ವ್ಯವಸ್ಥೆ ಶುರು ಮಾಡಿ ದೂರದಿಂದಲೇ ಪಾಠ, ಸಲಹೆ ಕೊಡುತ್ತಿದೆ. ನಮ್ಮ ಹತ್ತಿರದ ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಬೇರೆ ರೀತಿ ಮಾಡಿದರು. 1994ರಲ್ಲಿ ಕಠ್ಮಂಡುವಿನಲ್ಲಿ ತಿಲ್‌ಗಂಗಾ ಕಣ್ಣಿನ ಕೇಂದ್ರ ಶುರುವಾಯಿತು. ದುಬಾರಿ ಯಂತ್ರ ಬೇಕಿಲ್ಲದ, ಹೊಲಿಗೆ ಹಾಕದ ಸಣ್ಣ ಗಾಯದ ವಿಧಾನವನ್ನು ಅಲ್ಲಿ ಬೇರೆ ಬೇರೆ ದೇಶಗಳ ವೈದ್ಯರಿಗೆ ಕಲಿಸಿದರು. ಕಲಿತವರು ಮನೆಗೆ ಹೋಗಿ ಮಾಡಬಹುದಾದದ್ದನ್ನೇ ಕಲಿಸುವುದು. ನನಗೆ ವಿಮಾನಕ್ಕಿಂತ ಇದು ಹೆಚ್ಚು ಹಿಡಿಸಿತು.

ನಮ್ಮ ರಾಜ್ಯದ ಡಾ. ಎಂ.ಸಿ. ಮೋದಿ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಬೀಳಗಿಯವರಾದ ಅವರು ಊರೂರಿಗೆ ಹೋಗಿ ಶಿಬಿರ ಹಾಕಿ, ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದರು. ನಮ್ಮ ನಾನಾ ಅವರ ಹೆಸರನ್ನು ಪೀರ್ ಸಾಹೇಬರ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಆ ಕಾಲಕ್ಕೆ ಅದೇ ಬೇಕಿತ್ತು. ಆದರೆ ಒಬ್ಬ ಮಹಾನ್ ವ್ಯಕ್ತಿಯ ಕೈ ಆ ವ್ಯಕ್ತಿಯ ಜೊತೆಗೇ ಹೋಗುತ್ತದೆ. ಮೋದಿಯವರು 2005ರಲ್ಲಿ ತೀರಿಕೊಂಡರು. ಶಿಬಿರದಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿಯೂ ಸೋಂಕಿನ ಭಯದಿಂದ ಹಿಂದೆ ಸರಿದಿದೆ. ಈಗ ಕ್ಯಾಂಪ್ ಎಂದರೆ ತಪಾಸಣೆ ಮಾತ್ರ. ಆ ತಪಾಸಣೆ ಮಾಡುವವರಿಗೆ ಎಷ್ಟು ಕಲಿಸಿದ್ದೇವೆ ಎಂದು ಕೇಳುವವರೇ ಇಲ್ಲ, ಎಷ್ಟು ಜನ ಬಂದರು ಎಂದಷ್ಟೇ ಮರುದಿನ ಪೇಪರಿನಲ್ಲಿ ಬರುತ್ತದೆ.

ಇನ್ನೊಂದು ಮಾತು ಹುಡುಗಿಯರ ಬಗ್ಗೆ. ಎರಡು ವರ್ಷ ಕಲಿತು, ಮೂರು ವರ್ಷ ಕೆಲಸ ಮಾಡಿ, ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಕಲಿಕೆ ಏನಾಗಬೇಕು? ಕಲಿಸಿದ ಆಸ್ಪತ್ರೆಯ ಸರ್ಟಿಫಿಕೇಟ್ ಬೇರೆ ಕಡೆ ನಡೆಯದಿದ್ದರೆ ಅದು ಕಪಾಟಿನಲ್ಲಿ ನಿಕಾಹ್‌ನಾಮಾದ ಕೆಳಗೆ ಕೂರುತ್ತದೆ. ನಮ್ಮ ದೇಶದಲ್ಲಿ 2021ರಲ್ಲಿ ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಆಪ್ಟೋಮೆಟ್ರಿಸ್ಟ್‌ಗಳೂ ನೇತ್ರ ಸಹಾಯಕರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಅದು ಪೂರ್ತಿ ಜಾರಿಯಾಗಿ, ಮಧುರೈನಲ್ಲಿ ಕಲಿತವಳು ರಾಮನಗರದಲ್ಲೂ ಅದೇ ಹೆಸರಿನಲ್ಲಿ, ಅದೇ ಗೌರವದಲ್ಲಿ ಕೆಲಸ ಮಾಡುವಂತಾಗಬೇಕು. ಅಲ್ಲಿಂದ ಮುಂದೆ ಓದಲು ಏಣಿಯೂ ಬೇಕು. ಹದಿನೆಂಟಕ್ಕೆ ಸೇರಿ ಮೂವತ್ತೆಂಟರಲ್ಲೂ ಅದೇ ಕುರ್ಚಿ, ಅದೇ ಸಂಬಳ ಎಂದರೆ ಯಾರು ಉಳಿಯುತ್ತಾರೆ? ಕಡಿಮೆ ಸಂಬಳದ ಹುಡುಗಿಯರಿಂದ ಆಸ್ಪತ್ರೆ ನಡೆಸುವುದನ್ನು ಸೇವೆ ಎಂದು ಹೊಗಳಿ ಅಲ್ಲಿಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಕಾಲೇಜಿಗೆ ಸಂಬಂಧಿಸಿದಂತೆ ಎರಡು ಕೋರಿಕೆಗಳಿವೆ. ಕೆರಿಯರ್ ಗೈಡೆನ್ಸ್ ದಿನ ವಿಜ್ಞಾನದವರಿಗೆ ನೀಟ್, ಕಾಮರ್ಸ್‌ನವರಿಗೆ ಸಿಎ ಎಂದು ಎರಡೇ ಬಾಗಿಲು ತೋರಿಸುತ್ತಾರೆ. ವಿಜ್ಞಾನ ವಿಭಾಗದಲ್ಲಿ ನೀಟ್ ಸಿಗದೆ ಅಳುವ ಎಷ್ಟು ಜನಕ್ಕೆ ಆಪ್ಟೋಮೆಟ್ರಿ ಎಂಬ ನಾಲ್ಕು ವರ್ಷದ ಪದವಿ ಇದೆ ಎಂದು ಗೊತ್ತು? ಕಾಮರ್ಸ್‌ನವರಾದ ನಮಗೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಆದರೆ ಕಣ್ಣಿನ ಆಸ್ಪತ್ರೆ ಡಾಕ್ಟರ್‌ಗಳಿಂದ ಮಾತ್ರ ನಡೆಯುವುದಿಲ್ಲ. ಅರವಿಂದ ಆಸ್ಪತ್ರೆಯ ಲೈಕೋ ಎಂಬ ಸಂಸ್ಥೆ ದೇಶ ವಿದೇಶಗಳಿಂದ ಬರುವವರಿಗೆ ಆಸ್ಪತ್ರೆಯ ಆಡಳಿತವನ್ನೇ ಕಲಿಸುತ್ತದೆ. ಹಣ ಕೊಡುವವರಿಂದ ಬಂದದ್ದರಲ್ಲಿ ಕೊಡಲಾಗದವರ ಚಿಕಿತ್ಸೆ ಹೇಗೆ ನಡೆಸುವುದು ಎಂಬ ಲೆಕ್ಕ ಅಲ್ಲಿದೆ. ಅದು ಪೂರ್ತಿ ನಮ್ಮ ವಿಷಯ. ಆದ್ದರಿಂದ ಮುಂದಿನ ಸಲ ಒಬ್ಬ ದೃಷ್ಟಿ ತಂತ್ರಜ್ಞೆಯನ್ನೂ ಒಬ್ಬ ಆಸ್ಪತ್ರೆ ವ್ಯವಸ್ಥಾಪಕರನ್ನೂ ಕರೆಸಿ ಎಂದು ಪ್ರಿನ್ಸಿಪಾಲ್ ಸರ್ ಅವರನ್ನು ಕೇಳಿಕೊಳ್ಳುತ್ತೇನೆ. ಸಂಬಳ ಎಷ್ಟು, ಪ್ರಮೋಷನ್ ಇದೆಯಾ, ಮದುವೆಯಾದ ಮೇಲೆ ವರ್ಗಾವಣೆ ಸಿಗುತ್ತದಾ, ಈ ಮೂರು ಪ್ರಶ್ನೆಗಳನ್ನು ನಾನು ಈಗಲೇ ಬರೆದಿಟ್ಟುಕೊಂಡಿದ್ದೇನೆ.

ಎರಡನೆಯದು, ಎನ್ನೆಸ್ಸೆಸ್ ವತಿಯಿಂದ ಪ್ರತಿ ವರ್ಷ ನಡೆಯುವ ಕಣ್ಣಿನ ತಪಾಸಣೆ. ಈ ಸಲ ನಮ್ಮ ಕಣ್ಣುಗಳ ಜೊತೆಗೆ ಮನೆಯವರನ್ನೂ ಕರೆಯೋಣ. ಬೇಸಿನ್ ಮುಂದೆ ಕೂರುವವರು, ಟೈಲರ್‌ಗಳು, ಜರಿ ಕೆಲಸದವರು, ಅಕ್ಕಿ ಆರಿಸುವ ನಮ್ಮ ದಾದಿಯರು. ಬರುವವರ ಹೆಸರು ಬರೆದುಕೊಳ್ಳುವ ಟೇಬಲ್‌ನಲ್ಲಿ ನಾನು ಕೂರುತ್ತೇನೆ. ಹೆಸರು, ವಯಸ್ಸಿನ ಪಕ್ಕದಲ್ಲಿ ಇನ್ನೆರಡು ಕಾಲಂ ಎಳೆದಿರುತ್ತೇನೆ: ಏನು ಕೆಲಸ, ಕೈ ಎಷ್ಟು ದೂರ. ಟೇಪ್ ನಮ್ಮ ಮನೆಯಿಂದಲೇ ತರುತ್ತೇನೆ.